ಹಿಂದಿನ ಸಾಲಿನ ಸಂಸದರ ಮೂರು ನಿಮಿಷ: ನಾನು ತಯಾರಿ ಮಾಡಿಕೊಡುವ ಬಗೆ

ಕರ್ನಾಟಕದ ಒಬ್ಬ ಲೋಕಸಭಾ ಸದಸ್ಯರ ಬಳಿ ನಾನು ಕೆಲಸ ಮಾಡುತ್ತೇನೆ. ಅವರು ಮಂತ್ರಿಯಲ್ಲ, ಪಕ್ಷದ ಸಚೇತಕರೂ ಅಲ್ಲ. ಸದನದ ಹಿಂದಿನ ಸಾಲಿನಲ್ಲಿ ಅವರ ಜಾಗ. ಅವರಿಗೆ ಪ್ರಶ್ನೆ ಬರೆದುಕೊಡುವುದು, ಚರ್ಚೆಗೆ ಬೇಕಾದ ಅಂಕಿ ಅಂಶ ಹುಡುಕುವುದು, ಭಾಷಣದ ಕರಡು ಮಾಡುವುದು, ಆಮೇಲೆ ಸರ್ಕಾರದಿಂದ ಏನು ಉತ್ತರ ಬಂತು ಅಂತ ಬೆನ್ನು ಹತ್ತುವುದು ನನ್ನ ಕೆಲಸ. ಈ ಕೆಲಸದ ಬಗ್ಗೆ ಕನ್ನಡದಲ್ಲಿ ಯಾರೂ ಜಾಸ್ತಿ ಬರೆದಿದ್ದು ನಾನು ನೋಡಿಲ್ಲ. ಹಾಗಾಗಿ ನಾನು ಮಾಡುವ ರೀತಿ ಬರೆದಿಡೋಣ ಅನ್ನಿಸಿತು.

ನಾನು ನಂಬಿರುವ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಹಿಂದಿನ ಸಾಲಿನ ಸಂಸದರಿಗೆ ಭಾಷಣಕ್ಕಿಂತ ಪ್ರಶ್ನೆ ದೊಡ್ಡ ಆಯುಧ. ಪ್ರಶ್ನೆ ಮೊದಲು ಕೇಳಬೇಕು, ಅದರ ಉತ್ತರ ಕೈಯಲ್ಲಿ ಹಿಡಿದು ಭಾಷಣ ಮಾಡಬೇಕು. ಈ ಕ್ರಮ ತಲೆಕೆಳಗಾದರೆ ಭಾಷಣ ಗಾಳಿಗೆ ಹೋಗುತ್ತದೆ.

ಯಾಕೆ ಹೀಗೆ ಅನ್ನುತ್ತೇನೆ ಅಂದರೆ, ಚರ್ಚೆಯಲ್ಲಿ ಸಮಯ ಯಾರ ಕೈಯಲ್ಲಿದೆ ನೋಡಿ. ಒಂದು ಮಸೂದೆಗೆ ಎಷ್ಟು ಗಂಟೆ ಅಂತ ಕಲಾಪ ಸಲಹಾ ಸಮಿತಿ ತೀರ್ಮಾನಿಸುತ್ತದೆ. ಆ ಗಂಟೆಗಳನ್ನು ಪಕ್ಷಗಳ ಬಲದ ಪ್ರಕಾರ ಹಂಚುತ್ತಾರೆ. ಪಕ್ಷದೊಳಗೆ ಯಾರು ಮಾತಾಡಬೇಕು ಅಂತ ಸಚೇತಕರು ಪಟ್ಟಿ ಕೊಡುತ್ತಾರೆ. ಮೊದಲು ಹಿರಿಯರು, ಆಮೇಲೆ ರಾಜ್ಯಗಳ ಲೆಕ್ಕ. 543 ಸದಸ್ಯರ ಸದನದಲ್ಲಿ ಕರ್ನಾಟಕದವರು 28. ನಮ್ಮವರ ಸರದಿ ಬರುವ ಹೊತ್ತಿಗೆ ಸಂಜೆಯಾಗಿರುತ್ತದೆ, ಬೆಂಚುಗಳು ಖಾಲಿಯಾಗಿರುತ್ತವೆ. ಸಿಗುವುದು ಮೂರು ನಿಮಿಷ, ಕೆಲವು ಸಲ ಐದು. ಕೊನೆಗೆ ಯಾವ ಕಡೆ ಮತ ಹಾಕಬೇಕು ಅನ್ನುವುದನ್ನೂ ವಿಪ್, ಅಂದರೆ ಪಕ್ಷದ ಕಡ್ಡಾಯ ಆದೇಶ, ಹೇಳುತ್ತದೆ. 1985ರ ಪಕ್ಷಾಂತರ ನಿಷೇಧ ಕಾಯ್ದೆ ಬಂದ ಮೇಲೆ ಅದನ್ನು ಮೀರಿದರೆ ಸದಸ್ಯತ್ವವೇ ಹೋಗಬಹುದು.

ಪ್ರಶ್ನೆಗೆ ಈ ಕಾಟ ಇಲ್ಲ. ಅದನ್ನು ಸದಸ್ಯರು ತಮ್ಮ ಹೆಸರಿನಲ್ಲೇ ಕಳಿಸಬಹುದು. ಒಪ್ಪಿಗೆಯಾಗಿ ಪಟ್ಟಿಗೆ ಬಂದರೆ ಸರ್ಕಾರ ಉತ್ತರ ಕೊಡಲೇಬೇಕು. ಆ ಉತ್ತರ ದಾಖಲೆಯಲ್ಲಿ ಉಳಿಯುತ್ತದೆ.

ಒಂದು ಉದಾಹರಣೆ ಹಿಡಿದೇ ಹೇಳುತ್ತೇನೆ. ಕ್ಷೇತ್ರದ ಕಚೇರಿಗೆ ಬರುವ ಅರ್ಜಿಗಳಲ್ಲಿ ಪಿಂಚಣಿ ಅರ್ಜಿ ತುಂಬಾ. ಅಜ್ಜಿಯರು ಬರುತ್ತಾರೆ, ಗಂಡ ತೀರಿಕೊಂಡ ಹೆಣ್ಣುಮಕ್ಕಳು ಬರುತ್ತಾರೆ. ತಿಂಗಳುಗಟ್ಟಲೆ ಹಣ ಬಂದಿಲ್ಲ ಅನ್ನುತ್ತಾರೆ. ಪಾಸ್‌ಬುಕ್ಕನ್ನು ಪ್ಲಾಸ್ಟಿಕ್ ಕವರಿನಿಂದ ತೆಗೆದು ಮೇಜಿನ ಮೇಲೆ ಇಡುತ್ತಾರೆ. ಇದನ್ನು ಸಂಸತ್ತಿಗೆ ಹೇಗೆ ಒಯ್ಯುವುದು?

ಅರ್ಜಿಯಲ್ಲಿ ಇದ್ದ ಹಾಗೇ ಬರೆದರೆ ಪ್ರಶ್ನೆ ತಿರಸ್ಕೃತವಾಗುತ್ತದೆ. ತಾಲೂಕು ಕಚೇರಿಯಲ್ಲಿ ಆಗುವ ವಿಳಂಬ ರಾಜ್ಯ ಸರ್ಕಾರದ ವಿಷಯ. ಕೇಂದ್ರಕ್ಕೆ ಸಂಬಂಧಪಡದ್ದನ್ನು ಲೋಕಸಭೆಯಲ್ಲಿ ಕೇಳುವಂತಿಲ್ಲ. ಬೇರೆ ನಿಯಮಗಳೂ ಇವೆ. ಪ್ರಶ್ನೆ 150 ಪದ ದಾಟಬಾರದು. ವಾದ ಇರಬಾರದು, ವ್ಯಂಗ್ಯ ಇರಬಾರದು, ಆರೋಪ ಇರಬಾರದು. ಮಂತ್ರಿಗಳ ಅಭಿಪ್ರಾಯ ಕೇಳುವಂತಿಲ್ಲ. ಹೊಟ್ಟೆಯಲ್ಲಿ ಎಷ್ಟೇ ಬೆಂಕಿ ಇದ್ದರೂ ಪ್ರಶ್ನೆ ತಣ್ಣಗಿರಬೇಕು.

ಹಾಗಾದರೆ ಈ ಪಿಂಚಣಿಯಲ್ಲಿ ಕೇಂದ್ರದ್ದು ಏನಿದೆ? ಇದೆ. ರಾಷ್ಟ್ರೀಯ ಸಾಮಾಜಿಕ ನೆರವು ಕಾರ್ಯಕ್ರಮ ಅಂತ 1995ರಲ್ಲಿ ಶುರುವಾಯಿತು. ಆಗ ವೃದ್ಧಾಪ್ಯ ಪಿಂಚಣಿ ತಿಂಗಳಿಗೆ 75 ರೂಪಾಯಿ. ಅದು 200 ಆಯಿತು. 2007ರಲ್ಲಿ ಇಂದಿರಾ ಗಾಂಧಿ ಹೆಸರಿನಲ್ಲಿ ಯೋಜನೆ ಬಂದಾಗಲೂ 200, ಈಗಲೂ 60ರಿಂದ 79 ವರ್ಷದವರಿಗೆ ಕೇಂದ್ರ ಕೊಡುವುದು ಅದೇ 200. 80 ದಾಟಿದವರಿಗೆ 2011ರಿಂದ 500. ವಿಧವೆಯರಿಗೆ ಮತ್ತು ಅಂಗವಿಕಲರಿಗೆ 2012ರಿಂದ 300. ನಮ್ಮ ರಾಜ್ಯದ ವೃದ್ಧಾಪ್ಯ ಪಿಂಚಣಿ ಯೋಜನೆಯಾದ ಸಂಧ್ಯಾ ಸುರಕ್ಷಾದಲ್ಲಿ ಅಜ್ಜಿಯ ಕೈಗೆ ಬರುವ 1,200 ರೂಪಾಯಿಯಲ್ಲಿ ದೊಡ್ಡ ಪಾಲು ರಾಜ್ಯದ್ದೇ.

ಇದನ್ನೆಲ್ಲ ಓದಿಕೊಂಡ ಮೇಲೆ 2024ರ ಚಳಿಗಾಲದ ಅಧಿವೇಶನಕ್ಕೆ ನಾನು ಬರೆದ ಪ್ರಶ್ನೆಯನ್ನು ಕನ್ನಡಕ್ಕೆ ಇಳಿಸಿದರೆ ಹೀಗಿರುತ್ತದೆ:

ಅ) ಈ ಕಾರ್ಯಕ್ರಮದಡಿ ಪ್ರತಿಯೊಂದು ಪಿಂಚಣಿಯಲ್ಲಿ ಕೇಂದ್ರದ ಪಾಲು ಎಷ್ಟು, ಅದನ್ನು ಕೊನೆಯದಾಗಿ ಹೆಚ್ಚಿಸಿದ್ದು ಯಾವ ವರ್ಷ;

ಆ) ಕರ್ನಾಟಕಕ್ಕೆ ನಿಗದಿ ಮಾಡಿದ ಫಲಾನುಭವಿಗಳ ಮಿತಿ ಎಷ್ಟು, ಆ ಮಿತಿಗೆ ಯಾವ ವರ್ಷದ ಜನಗಣತಿ ಆಧಾರ;

ಇ) ಕಳೆದ 5 ವರ್ಷಗಳಲ್ಲಿ ಕರ್ನಾಟಕಕ್ಕೆ ಬಿಡುಗಡೆಯಾದ ಹಣ ಎಷ್ಟು, ವರ್ಷವಾರು ವಿವರ;

ಈ) ಮೊತ್ತ ಹೆಚ್ಚಿಸಬೇಕು ಅಂತ ಸಂಸತ್ತಿನ ಸ್ಥಾಯಿ ಸಮಿತಿ ಮಾಡಿದ ಶಿಫಾರಸುಗಳ ಮೇಲೆ ಏನು ಕ್ರಮ ಕೈಗೊಳ್ಳಲಾಗಿದೆ?

ಇಲ್ಲಿ ಒಂದೊಂದು ಸಾಲಿಗೂ ಕಾರಣ ಇದೆ. ಮೊತ್ತ ಕಡಿಮೆ ಆಯಿತಲ್ವಾ ಅಂತ ಕೇಳಿದರೆ ಸರ್ಕಾರ ಹತ್ತು ಮಾತು ಹೇಳುತ್ತದೆ. ಕೊನೆಯದಾಗಿ ಹೆಚ್ಚಿಸಿದ್ದು ಯಾವ ವರ್ಷ ಅಂತ ಕೇಳಿದರೆ ಒಂದು ಇಸವಿ ಹೇಳಲೇಬೇಕು. ಎರಡನೇ ಸಾಲು ಇನ್ನೂ ಮುಖ್ಯ. ದೇಶದಲ್ಲಿ ಒಟ್ಟು 3.09 ಕೋಟಿ ಜನರಿಗೆ ಮಾತ್ರ ಅಂತ ಈ ಕಾರ್ಯಕ್ರಮಕ್ಕೆ ಮಿತಿ ಇದೆ. ಅದರ ಲೆಕ್ಕಕ್ಕೆ ಆಧಾರ 2001ರ ಜನಗಣತಿ. ಆಮೇಲೆ ಮುದುಕರಾದವರ ಸಂಖ್ಯೆ ಎಷ್ಟು ಏರಿದರೂ ಮಿತಿ ಅಲ್ಲೇ ನಿಂತಿದೆ. ಇದನ್ನು ಮಂತ್ರಿಗಳ ಬಾಯಲ್ಲೇ ಹೇಳಿಸಿದರೆ ಆ ಮಾತಿನ ತೂಕವೇ ಬೇರೆ.

ಪ್ರಶ್ನೆಯನ್ನು ಕನಿಷ್ಠ 15 ದಿನ ಮೊದಲೇ ಕಳಿಸಬೇಕು. ಯಾವ ಇಲಾಖೆಗೆ ವಾರದ ಯಾವ ದಿನ ಅಂತ ನಿಗದಿಯಾಗಿರುತ್ತದೆ. ಬಂದ ನೋಟೀಸುಗಳನ್ನು ಚೀಟಿ ಎತ್ತಿ ಆರಿಸುತ್ತಾರೆ. ದಿನಕ್ಕೆ 20 ಚುಕ್ಕೆ ಗುರುತಿನ ಪ್ರಶ್ನೆ, 230 ಚುಕ್ಕೆ ಗುರುತಿಲ್ಲದ್ದು. ಚುಕ್ಕೆ ಗುರುತಿನದಾದರೆ ಮಂತ್ರಿ ಎದ್ದು ನಿಂತು ಉತ್ತರಿಸಬೇಕು, ನಮ್ಮವರು ಎರಡು ಉಪಪ್ರಶ್ನೆ ಕೇಳಬಹುದು. ಎಲ್ಲರ ಆಸೆ ಅದರ ಮೇಲೆ. ನನಗೆ ಮಾತ್ರ ಚುಕ್ಕೆ ಇಲ್ಲದ್ದೇ ಇಷ್ಟ. 20ರಲ್ಲಿ ಬಾಯಿಮಾತಿನ ಉತ್ತರದ ತನಕ ಬರುವುದು ಮೊದಲ ಐದಾರು ಮಾತ್ರ, ಗದ್ದಲವಾದರೆ ಅದೂ ಇಲ್ಲ. ಚುಕ್ಕೆ ಇಲ್ಲದ್ದಕ್ಕೆ ಬರುವ ಲಿಖಿತ ಉತ್ತರದ ಜೊತೆಗೆ ರಾಜ್ಯವಾರು, ವರ್ಷವಾರು ಕೋಷ್ಟಕ ಬರುತ್ತದೆ. ನಮಗೆ ಬೇಕಾದ್ದು ಆ ಕೋಷ್ಟಕ.

ಉತ್ತರ ಓದುವುದೂ ಕಲಿಯಬೇಕಾದ ವಿದ್ಯೆ. ಮಾಹಿತಿ ಸಂಗ್ರಹಿಸಲಾಗುತ್ತಿದೆ, ಸದನದ ಮುಂದೆ ಇಡಲಾಗುವುದು ಅಂತ ಬಂದರೆ ಬಹಳ ಜನ ಬೇಸರದಿಂದ ಫೈಲು ಮುಚ್ಚುತ್ತಾರೆ. ಮುಚ್ಚಬಾರದು. ಆ ಸಾಲು ಭರವಸೆ ಅಂತ ದಾಖಲಾಗುತ್ತದೆ. ಮೂರು ತಿಂಗಳಲ್ಲಿ ಅದನ್ನು ಈಡೇರಿಸಬೇಕು. ಇಲ್ಲವಾದರೆ ಸರ್ಕಾರಿ ಭರವಸೆಗಳ ಸಮಿತಿ ಇಲಾಖೆಯನ್ನು ಕರೆದು ಕೇಳಬಹುದು. ನಾನು ಇಂಥ ಸಾಲುಗಳಿಗೇ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಅವಧಿ ಮುಗಿದ ತಕ್ಷಣ ಸಂಸದರ ಸಹಿ ಹಾಕಿಸಿ ಪತ್ರ ಕಳಿಸುತ್ತೇನೆ.

ಶೂನ್ಯ ವೇಳೆ, ಅಂದರೆ ತುರ್ತು ವಿಷಯ ಎತ್ತಲು ಸದನದಲ್ಲಿ ಸಿಗುವ ಹೊತ್ತು, ಅದರ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಬೆಳಿಗ್ಗೆ 10ರೊಳಗೆ ನೋಟೀಸ್ ಕೊಟ್ಟು, ಚೀಟಿಯಲ್ಲಿ ಹೆಸರು ಬಂದರೆ ಮಾತಾಡಬಹುದು. ವಿಡಿಯೋ ಊರಿಗೆ ಬೇಗ ತಲುಪುತ್ತದೆ. ಆದರೆ ಸರ್ಕಾರ ಅಲ್ಲೇ ಉತ್ತರ ಕೊಡಬೇಕು ಅಂತಿಲ್ಲ. ಉತ್ತರ ಬೇಕಾದ ವಿಷಯವಾದರೆ ನಾನು ಲೋಕಸಭೆಯ ನಿಯಮ 377ಕ್ಕೆ ಹೋಗುತ್ತೇನೆ, ಅದರಡಿ ಒಂದು ವಿಷಯವನ್ನು ಸದನದ ಗಮನಕ್ಕೆ ತರಬಹುದು. 250 ಪದದೊಳಗೆ ಬರೆದು ಕೊಡಬೇಕು, ಒಪ್ಪಿಗೆಯಾದ ಪಠ್ಯವನ್ನೇ ಓದಬೇಕು, ಆಮೇಲೆ ಮಂತ್ರಿಗಳಿಂದ ಸಂಸದರಿಗೆ ಪತ್ರ ಬರುತ್ತದೆ.

ಈಗ ಭಾಷಣಕ್ಕೆ ಬರೋಣ. ಇಲಾಖೆಯ ಅನುದಾನದ ಮೇಲಿನ ಚರ್ಚೆಗೆ ಕಾಯೋಣ ಅಂತ ಕೆಲವರು ಸಲಹೆ ಕೊಟ್ಟರು. ನಾನು ಬೇಡ ಅಂದೆ. ಆ ಚರ್ಚೆಗೆ ಪ್ರತಿ ವರ್ಷ ಬರುವುದು ಕೆಲವೇ ಇಲಾಖೆಗಳು. ಉಳಿದವನ್ನೆಲ್ಲ ಗಿಲೋಟಿನ್ ಅಂತ ಒಟ್ಟಿಗೆ ಮತಕ್ಕೆ ಹಾಕುತ್ತಾರೆ. 2018ರಲ್ಲಿ ಮತ್ತು 2023ರಲ್ಲಿ ಒಂದೇ ಒಂದು ಇಲಾಖೆಯ ಬೇಡಿಕೆಯೂ ಚರ್ಚೆಯಾಗದೆ ಎಲ್ಲಾ ಪಾಸಾದವು. ಲಕ್ಷಾಂತರ ಕೋಟಿಯ ಖರ್ಚು ಹೀಗೆ ಪಾಸಾಗುವುದು ನನಗೆ ಇವತ್ತಿಗೂ ನೋವಿನ ಸಂಗತಿ. ಹಾಗಾಗಿ 2025ರ ಫೆಬ್ರುವರಿಯ ಬಜೆಟ್ ಮೇಲಿನ ಸಾಮಾನ್ಯ ಚರ್ಚೆಯನ್ನೇ ಹಿಡಿದೆವು.

ಸಂಸದರು ಕನ್ನಡದಲ್ಲೇ ಮಾತಾಡುತ್ತೇನೆ ಅಂದರು. 1967ರಲ್ಲಿ ಶಿವಮೊಗ್ಗದಿಂದ ಗೆದ್ದುಹೋದ ಜೆ.ಎಚ್. ಪಟೇಲರು ಲೋಕಸಭೆಯಲ್ಲಿ ಮೊದಲ ಸಲ ಕನ್ನಡದಲ್ಲಿ ಮಾತಾಡಿದರು. ಆ ದಾರಿ ಅಂದಿನಿಂದ ತೆರೆದಿದೆ. ಮೊದಲೇ ತಿಳಿಸಿದರೆ ಭಾಷಾಂತರಕಾರರ ವ್ಯವಸ್ಥೆ ಆಗುತ್ತದೆ. ನಾನು ಇನ್ನೊಂದು ಕೆಲಸವನ್ನೂ ತಪ್ಪದೆ ಮಾಡುತ್ತೇನೆ. ಭಾಷಣದಲ್ಲಿ ಬರುವ ಅಂಕಿಗಳು, ಯೋಜನೆಯ ಹೆಸರುಗಳು ಇವನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಭಾಷಾಂತರಕಾರರಿಗೆ ಮುಂಚೆಯೇ ತಲುಪಿಸುತ್ತೇನೆ. ಕಿವಿಗೆ ಹೆಡ್‌ಫೋನ್ ಹಾಕಿ ಕೂತ ಮಂತ್ರಿಗಳಿಗೆ ಸರಿಯಾದ ಅಂಕಿ ಕೇಳಿಸಬೇಕಲ್ವಾ.

ಮೊದಲ ಕರಡು ಸಹಜವಾಗಿಯೇ ಉದ್ದ ಇರುತ್ತದೆ. ಅದನ್ನು ಕತ್ತರಿಸುವುದೇ ಅಸಲಿ ಕೆಲಸ. ಸ್ಪೀಕರ್‌ಗೆ ವಂದನೆ, ಪಕ್ಷದ ನಾಯಕರಿಗೆ ವಂದನೆ, ಕ್ಷೇತ್ರದ ಜನರಿಗೆ ವಂದನೆ ಅಂತ ಶುರು ಮಾಡಿದರೆ ಅರ್ಧ ನಿಮಿಷ ಅಲ್ಲೇ ಹೋಯಿತು. ಒಂದೇ ವಂದನೆ ಉಳಿಸಿಕೊಂಡೆವು. ವಚನದ ಸಾಲು ಇರಲಿ ಅಂತ ಅವರಿಗೆ ಆಸೆ ಇತ್ತು. ಈ ಸಲ ಬೇಡ, ಪಾಸ್‌ಬುಕ್ ಸಾಕು ಅಂದೆ, ಒಪ್ಪಿದರು.

ಅಂಕಿಗಳ ಕಷ್ಟ ಬೇರೆ. ಈ ಕಾರ್ಯಕ್ರಮಕ್ಕೆ 2024-25ರ ಬಜೆಟ್ಟಿನಲ್ಲಿ ಇಟ್ಟಿದ್ದು 9,652 ಕೋಟಿ, 2025-26ರಲ್ಲೂ ಅದೇ 9,652 ಕೋಟಿ. ಇದನ್ನು ಕನ್ನಡದಲ್ಲಿ ಜೋರಾಗಿ ಓದಿ ನೋಡಿ: ಒಂಬತ್ತು ಸಾವಿರದ ಆರುನೂರ ಐವತ್ತೆರಡು ಕೋಟಿ. ಎರಡು ಸಲ ಹೇಳಿದರೆ ಕೇಳುವವರ ಗಮನ ತಪ್ಪುತ್ತದೆ. ಹಾಗಾಗಿ ಒಮ್ಮೆ ಮಾತ್ರ ಹೇಳಿ, "ಹೋದ ವರ್ಷವೂ ಇಷ್ಟೇ, ಒಂದು ರೂಪಾಯಿ ಹೆಚ್ಚಿಲ್ಲ" ಅಂತ ಬರೆದೆ. 200 ರೂಪಾಯಿಯನ್ನು ಹಾಗೇ ಬಿಡದೆ ದಿನಕ್ಕೆ ಹಂಚಿದೆ. "ದಿನಕ್ಕೆ ಏಳು ರೂಪಾಯಿಯೂ ಆಗುವುದಿಲ್ಲ, ಅಧ್ಯಕ್ಷರೇ." ಇದು ಕಾಗದದಲ್ಲಿ ಸಾಧಾರಣ ಸಾಲು. ಬಾಯಲ್ಲಿ ಬಂದಾಗ ಎದುರು ಸಾಲಿನ ಒಬ್ಬರು ತಲೆಯೆತ್ತಿ ನೋಡಿದರು.

ಭಾಷಣದಲ್ಲಿ ಕೇಳಿದ್ದು ಎರಡೇ: ಮೊತ್ತ ಹೆಚ್ಚಿಸಿ, ಹಳೇ ಜನಗಣತಿಯ ಮಿತಿ ತೆಗೆಯಿರಿ. ಪಟ್ಟಿ ಮಾಡಿ ಹದಿನೈದು ಬೇಡಿಕೆ ಓದಿದರೆ ಮಂತ್ರಿಗಳು ಉತ್ತರಿಸುವಾಗ ತಮಗೆ ಅನುಕೂಲವಾದ ಒಂದನ್ನು ಆರಿಸಿಕೊಳ್ಳುತ್ತಾರೆ. ರಸ್ತೆ, ರೈಲ್ವೆ ಮೇಲ್ಸೇತುವೆ, ಅಡಿಕೆ ಇವನ್ನೆಲ್ಲ ಲಿಖಿತ ಭಾಷಣಕ್ಕೆ ಹಾಕಿದೆವು. ಸಮಯ ಸಾಲದಿದ್ದಾಗ ಬರೆದ ಭಾಷಣವನ್ನು ಸದನದ ಮೇಜಿನ ಮೇಲೆ ಇಡಲು ಅವಕಾಶ ಕೊಡುತ್ತಾರೆ, ಅದೂ ನಡಾವಳಿಯಲ್ಲಿ ಸೇರುತ್ತದೆ. ಬಹಳ ಹೊಸ ಸದಸ್ಯರು ಈ ಅವಕಾಶವನ್ನು ಸುಮ್ನೆ ಬಿಟ್ಟುಬಿಡುತ್ತಾರೆ.

ಪ್ರಶ್ನೆಗಳ ಸಂಖ್ಯೆ ನೋಡಿ ಸಂಸದರಿಗೆ ಅಂಕ ಕೊಡುವ ಅಭ್ಯಾಸದ ಬಗ್ಗೆ ನನಗೆ ತಕರಾರಿದೆ. ಹಾಜರಿ, ಪ್ರಶ್ನೆ, ಚರ್ಚೆಗಳ ಲೆಕ್ಕವನ್ನು ಶಾಸನಸಭೆಗಳ ಕೆಲಸ ಅಧ್ಯಯನ ಮಾಡುವ ಪಿಆರ್‌ಎಸ್ ಸಂಸ್ಥೆ ಎಲ್ಲರಿಗೂ ಸಿಗುವಂತೆ ಇಟ್ಟಿದೆ, ಅದು ಉಪಕಾರದ ಕೆಲಸ. ಆದರೆ ಪತ್ರಿಕೆಯವರು ಸಂಖ್ಯೆ ಮಾತ್ರ ಎತ್ತಿಕೊಂಡರೆ ಪೈಪೋಟಿ ಶುರುವಾಗುತ್ತದೆ. ಯಾವುದೋ ಯೋಜನೆಯ ಹೆಸರು ಹಾಕಿ "ಅದರ ವಿವರಗಳೇನು" ಅಂತ ಕೇಳುವ ಪ್ರಶ್ನೆಗಳು ರಾಶಿ ಬೀಳುತ್ತವೆ. ನಾನಾದರೆ ಒಬ್ಬ ಸದಸ್ಯರನ್ನು ಅಳೆಯಲು ಒಂದೇ ವಿಷಯ ಹಿಡಿದು ನೋಡುತ್ತೇನೆ. ಆ ವಿಷಯಕ್ಕೆ ಅವರು ಎಷ್ಟು ಅಧಿವೇಶನ ಮರಳಿ ಬಂದಿದ್ದಾರೆ? ಸಂಸತ್ತಿನ ಜಾಲತಾಣದಲ್ಲಿ ಸದಸ್ಯರ ಹೆಸರು, ಇಲಾಖೆ ಹಾಕಿ ಹುಡುಕಿದರೆ ಯಾರು ಬೇಕಾದರೂ ಇದನ್ನು ನೋಡಬಹುದು.

ನಮ್ಮ ವಿಷಯ ಇನ್ನೂ ಮುಗಿದಿಲ್ಲ. ಬಜೆಟ್ ಅಧಿವೇಶನದ ನಡುವಿನ ಬಿಡುವಿನಲ್ಲಿ ಈ ಪಿಂಚಣಿ ನೋಡಿಕೊಳ್ಳುವ ಗ್ರಾಮೀಣಾಭಿವೃದ್ಧಿ ಇಲಾಖೆಗೆ ಸಂಬಂಧಿಸಿದ ಸಂಸದರ ಸ್ಥಾಯಿ ಸಮಿತಿ ಅನುದಾನಗಳನ್ನು ಪರಿಶೀಲಿಸುತ್ತದೆ. ನಮ್ಮ ಸಂಸದರು ಅದರ ಸದಸ್ಯರಲ್ಲ. ಕೋಷ್ಟಕ ಮತ್ತು ಎರಡು ಪುಟದ ಟಿಪ್ಪಣಿಯನ್ನು ಸಮಿತಿಯ ಸದಸ್ಯರೊಬ್ಬರ ಕಚೇರಿಗೆ ನಾನೇ ಒಯ್ದು ಕೊಟ್ಟೆ. ಪಿಂಚಣಿ ಮೊತ್ತ ಹೆಚ್ಚಿಸಿ ಅಂತ ಆ ಸಮಿತಿ ವರ್ಷಗಳಿಂದ ಹೇಳುತ್ತಲೇ ಬಂದಿದೆ. ಪಕ್ಷ ಯಾವುದಾದರೂ ಸರಿ, ಸಮಿತಿಯ ಕೋಣೆಯಲ್ಲಿ ಸದಸ್ಯರು ಈ ವಿಷಯಕ್ಕೆ ಒಂದಾಗುತ್ತಾರೆ ಅನ್ನುವುದು ಅದರ ವರದಿಗಳನ್ನು ಓದಿದರೆ ಗೊತ್ತಾಗುತ್ತದೆ.

2025ರ ಮುಂಗಾರು ಅಧಿವೇಶನಕ್ಕೆ ಅದೇ ಪ್ರಶ್ನೆಯನ್ನು ಬೇರೆ ಕಡೆಯಿಂದ ಬರೆದೆ. ಕೇಂದ್ರದ ಮಿತಿ ದಾಟಿದ್ದರಿಂದ ರಾಜ್ಯಗಳು ಪೂರ್ತಿ ತಮ್ಮ ಹಣದಿಂದಲೇ ಪಿಂಚಣಿ ಕೊಡುತ್ತಿರುವ ವೃದ್ಧರ ಮತ್ತು ವಿಧವೆಯರ ಸಂಖ್ಯೆ ಎಷ್ಟು, ರಾಜ್ಯವಾರು. ಅವರನ್ನು ಕೇಂದ್ರದ ಪಟ್ಟಿಗೆ ಸೇರಿಸಲು ರಾಜ್ಯಗಳಿಂದ ಬಂದ ಕೋರಿಕೆಗಳು ಎಷ್ಟು, ಒಂದೊಂದೂ ಬಂದ ದಿನಾಂಕ ಯಾವುದು. ಪ್ರತಿಯೊಂದರ ಮೇಲೆ ಕೈಗೊಂಡ ತೀರ್ಮಾನವೇನು?