ಸಂಖ್ಯೆಗೆ ‘ಮೂಟೆ’ ಕಲಿಸುವುದು: ಜಾವಾಸ್ಕ್ರಿಪ್ಟ್‌ನಲ್ಲಿ ಒಂದು ಪುಟ್ಟ ಪ್ಲಗಿನ್

ಚಿಕ್ಕಮಗಳೂರು ಸೀಮೆಯಲ್ಲಿ ಕಾಫಿಯ ಬೆಲೆ ಮಾತಾಡುವುದು 50 ಕಿಲೊ ಮೂಟೆಯ ಲೆಕ್ಕದಲ್ಲಿ. ತಕ್ಕಡಿ ತೋರಿಸುವುದು ಮಾತ್ರ ಬರೀ ಕಿಲೊ. 1,237 ಎಂಬ ಅಂಕಿಯನ್ನು ನೋಡಿದೊಡನೆ ತೋಟದ ಲೆಕ್ಕ ಬರೆಯುವ ರೈಟರು 24 ಮೂಟೆ, 37 ಕಿಲೊ ಎಂದು ಬಾಯಿಲೆಕ್ಕದಲ್ಲೇ ಹೇಳಿಬಿಡುತ್ತಾರೆ. ತೋಟದ ಲೆಕ್ಕಕ್ಕೆಂದು ಬರೆಯುವ ಜಾವಾಸ್ಕ್ರಿಪ್ಟ್ ಪ್ರೋಗ್ರಾಮಿನಲ್ಲಿ ತೂಕದ ಸಂಖ್ಯೆಯೇ ಈ ಉತ್ತರ ಕೊಡುವಂತೆ ಮಾಡಬಹುದು.

ಜಾವಾಸ್ಕ್ರಿಪ್ಟ್‌ನಲ್ಲಿ ಎಲ್ಲ ಸಾಮಾನ್ಯ ಸಂಖ್ಯೆಗಳೂ ತಮ್ಮ ಮೇಲೆ ಕರೆಯಬಹುದಾದ ಫಂಕ್ಷನ್‌ಗಳನ್ನು, ಅಂದರೆ ಮೆಥಡ್‌ಗಳನ್ನು ಪಡೆಯುವುದು ನಂಬರ್ ಪ್ರೋಟೋಟೈಪ್ ಎಂಬ ಒಂದೇ ಆಬ್ಜೆಕ್ಟಿನಿಂದ. ಆದ್ದರಿಂದ ಅದಕ್ಕೆ ಒಂದು ಮೆಥಡ್ ಸೇರಿಸಿದರೆ ಪ್ರೋಗ್ರಾಮಿನ ಎಲ್ಲ ಸಂಖ್ಯೆಗಳಿಗೂ ಅದು ದೊರೆಯುತ್ತದೆ. ಅನುಕೂಲವೂ ಅಪಾಯವೂ ಇದೇ. ಪ್ಲಗಿನ್ ಎಂದರೆ ಈ ಪ್ರೋಟೋಟೈಪನ್ನೂ ಮೂಟೆಯ ತೂಕವನ್ನೂ ಆರ್ಗ್ಯುಮೆಂಟಾಗಿ ಪಡೆದು ಮೆಥಡ್ಡನ್ನು ಜೋಡಿಸುವ ಒಂದು ಫಂಕ್ಷನ್, ಅಷ್ಟೆ. 50 ಎಂಬುದನ್ನು ಒಳಗೇ ಬರೆದಿಡದೆ ಹೊರಗಿನಿಂದ ಕೊಟ್ಟರೆ ಬೇರೆ ಅಳತೆಯ ಚೀಲಕ್ಕೂ ಅದೇ ಪ್ಲಗಿನ್ ಸಾಕಾಗುತ್ತದೆ.

ಜೋಡಿಸುವಾಗ ನೇರವಾಗಿ ಅಸೈನ್ ಮಾಡಬೇಡಿ. ಆಬ್ಜೆಕ್ಟ್ ಡಿಫೈನ್‌ಪ್ರಾಪರ್ಟಿ ಎಂಬ ಅಂತರ್ಗತ ಫಂಕ್ಷನ್ ಬಳಸಿ, ಏಕೆಂದರೆ ಆಗ ಹೊಸ ಮೆಥಡ್, ಪ್ರಾಪರ್ಟಿಗಳ ಹೆಸರುಗಳನ್ನು ಒಂದೊಂದಾಗಿ ಎಣಿಸುವ ಫಾರ್-ಇನ್ ಲೂಪಿನಲ್ಲಿ ತಲೆಹಾಕುವುದಿಲ್ಲ. ಹೀಗೆ ಜೋಡಿಸಿದ್ದನ್ನು ಸಹಜ ಸ್ಥಿತಿಯಲ್ಲಿ ಬದಲಿಸಲೂ ಅಳಿಸಲೂ ಬರುವುದಿಲ್ಲವಾದ್ದರಿಂದ, ಟೆಸ್ಟ್ ಮುಗಿದ ಮೇಲೆ ತೆಗೆದುಹಾಕಬೇಕೆಂದಿದ್ದರೆ ಕಾನ್ಫಿಗರಬಲ್ ಎಂಬುದನ್ನು ಟ್ರೂ ಮಾಡಿಡಿ. ಅದೇ ಹೆಸರಿನ ಮೆಥಡ್ ಮೊದಲೇ ಇದೆಯೇ ಎಂದು ನೋಡಿ, ಇದ್ದರೆ ಎರರ್ ಎಸೆಯುವುದು ಲೇಸು.

ಮೆಥಡ್ಡನ್ನು ಆರೋ ಫಂಕ್ಷನ್ನಾಗಿ ಬರೆಯಬಾರದು; ಅದಕ್ಕೆ ತನ್ನದೇ ಆದ ‘ದಿಸ್’ (ಮೆಥಡ್ಡನ್ನು ಯಾವುದರ ಮೇಲೆ ಕರೆದರೋ ಅದನ್ನು ಸೂಚಿಸುವ ಪದ) ಇಲ್ಲದ ಕಾರಣ ಯಾವ ಸಂಖ್ಯೆಯ ಮೇಲೆ ಕರೆದರೆಂಬುದು ತಿಳಿಯದು. ಇದಕ್ಕಿಂತ ಸೂಕ್ಷ್ಮವಾದ ತೊಡಕು ಇನ್ನೊಂದಿದೆ. ಸ್ಟ್ರಿಕ್ಟ್ ಮೋಡ್ (ಭಾಷೆಯ ಬಿಗಿ ನಿಯಮಗಳ ಸ್ಥಿತಿ) ಇಲ್ಲದ ಕಡೆ ‘ದಿಸ್’ ಎಂಬುದು ಸಂಖ್ಯೆಯಾಗಿರದೆ ಸಂಖ್ಯೆಯನ್ನು ಸುತ್ತಿಕೊಂಡ ಆಬ್ಜೆಕ್ಟ್ ಆಗಿರುತ್ತದೆ, ಮತ್ತು ಆಬ್ಜೆಕ್ಟ್ ಎಂದಿಗೂ ಸುಳ್ಳಾಗುವುದಿಲ್ಲ. ಹೀಗಾಗಿ ಮಳೆ ಬಂದು ಕುಯ್ಲು ನಿಂತ ದಿನದ ಸೊನ್ನೆ ಕಿಲೊ ಕೂಡ ಇಫ್ ಪರೀಕ್ಷೆಯಲ್ಲಿ ‘ಇದೆ’ ಎಂದೇ ದಾಟಿಹೋಗುತ್ತದೆ. ಮಾಡ್ಯೂಲ್‌ಗಳಲ್ಲಿ ಸ್ಟ್ರಿಕ್ಟ್ ಮೋಡ್ ತಾನಾಗಿಯೇ ಇರುತ್ತದೆ. ಹಳೆಯ ಬಗೆಯ ಸ್ಕ್ರಿಪ್ಟಾದರೆ ಮೊದಲ ಸಾಲಿನಲ್ಲೇ ವ್ಯಾಲ್ಯೂಆಫ್ ಕರೆದು ನಿಜವಾದ ಸಂಖ್ಯೆಯನ್ನು ಪಡೆಯಿರಿ.

ತೂಕವನ್ನು ಮೂಟೆಯ ತೂಕದಿಂದ ಭಾಗಿಸಿ ಬಂದ ಫಲಕ್ಕೆ, ಕೆಳಗಿನ ಪೂರ್ಣಾಂಕಕ್ಕೆ ಇಳಿಸುವ ಫ್ಲೋರ್ ಬದಲು, ದಶಮಾಂಶ ಭಾಗವನ್ನಷ್ಟೇ ಕತ್ತರಿಸುವ ಟ್ರಂಕ್ (trunc) ಬಳಸಿ. ವಾಪಸು ಬಂದ ಸರಕನ್ನು ಋಣಸಂಖ್ಯೆಯಾಗಿ ಬರೆದಿದ್ದರೆ ಫ್ಲೋರ್ -1,237 ಕಿಲೊವನ್ನು -24ರ ಬದಲು -25 ಮೂಟೆ ಮಾಡುತ್ತದೆ. ಅರ್ಧ, ಕಾಲು ಕಿಲೊಗಳೂ ಬರುವುದಾದರೆ ತೂಕವನ್ನು ಗ್ರಾಂನಲ್ಲಿ ಪೂರ್ಣಾಂಕವಾಗಿಯೇ ಇಟ್ಟುಕೊಳ್ಳಿ.

ಮೆಥಡ್ಡನ್ನು ಕರೆಯುವಾಗ 1237ರ ನಂತರ ಒಂದೇ ಚುಕ್ಕಿ ಇಟ್ಟು ಅದರ ಹೆಸರು ಬರೆದರೆ ಅದು ದಶಮಾಂಶ ಬಿಂದುವೆನಿಸಿ ಸಿಂಟ್ಯಾಕ್ಸ್ ಎರರ್ ಬರುತ್ತದೆ, ಸಂಖ್ಯೆಯನ್ನು ಆವರಣದೊಳಗಿಡಿ. ವೇರಿಯಬಲ್ ಆದರೆ ಈ ತಾಪತ್ರಯವಿಲ್ಲ.

ಇನ್ನು ಹೆಸರು. ಭಾಷೆಯ ಅಂತರ್ಗತ ಆಬ್ಜೆಕ್ಟುಗಳಿಗೆ ಸಾಮಾನ್ಯ ಇಂಗ್ಲಿಷ್ ಹೆಸರುಗಳನ್ನು ಅಂಟಿಸಿದರೆ ಏನಾಗುತ್ತದೆಂಬುದು 2018ರಲ್ಲಿ ಕಂಡಿತು: ಮೂಟೂಲ್ಸ್ ಲೈಬ್ರರಿಯು ಅರೇಗೆ (ಪಟ್ಟಿಗೆ) ಮೊದಲೇ ಸೇರಿಸಿದ್ದ ‘ಫ್ಲಾಟನ್’ ಜೊತೆ ಘರ್ಷಣೆಯಾಗಿ, ಭಾಷೆಯ ಮಾನಕದಲ್ಲಿ ಬರಬೇಕಿದ್ದ ಅದೇ ಹೆಸರು ಕೊನೆಗೆ ‘ಫ್ಲಾಟ್’ ಆಯಿತು. ಜಾವಾಸ್ಕ್ರಿಪ್ಟ್ ಕನ್ನಡ ಅಕ್ಷರಗಳ ಹೆಸರನ್ನೂ ಒಪ್ಪುತ್ತದೆಯಾದ್ದರಿಂದ ನಾನು ‘ಮೂಟೆ’ ಎಂದೇ ಇಡುತ್ತೇನೆ. ಆ ಹೆಸರನ್ನು ಮಾನಕ ಸಮಿತಿ ನಮ್ಮಿಂದ ಕಸಿದುಕೊಳ್ಳಲಾರದು. ಆದರೆ ‘ಪಾರ್ಚ್‌ಮೆಂಟ್’(ಹೊಟ್ಟಿನ ಸಮೇತ ಒಣಗಿಸಿದ ಕಾಫಿ ಬೀಜ) ನಂಥ ಪದದ ನಡುವೆ ಕಣ್ಣಿಗೆ ಕಾಣದ ಸೊನ್ನೆ ಅಗಲದ ಅಕ್ಷರವಿರುತ್ತದೆ, ಅದು ಇರುವ ಮತ್ತು ಇಲ್ಲದ ರೂಪಗಳು ಎರಡು ಬೇರೆ ಹೆಸರುಗಳಾಗುತ್ತವೆ. ಅಂಥ ಪದಗಳನ್ನು ಬಿಟ್ಟುಬಿಡಿ.

ಇಷ್ಟೆಲ್ಲವೂ ನಿಮ್ಮದೇ ಪ್ರೋಗ್ರಾಮಿಗೆ ಮಾತ್ರ. ಇತರರು ಬಳಸುವ ಲೈಬ್ರರಿಯಾದರೆ ಪ್ರೋಟೋಟೈಪನ್ನು ಮುಟ್ಟದೆ, ಸಂಖ್ಯೆಯನ್ನು ಆರ್ಗ್ಯುಮೆಂಟಾಗಿ ಪಡೆಯುವ ಸಾದಾ ಫಂಕ್ಷನ್ ಬರೆಯಿರಿ.