ಬೇರೆ ಬೇಸ್ ಗಿಟಾರ್ ತರುವ ಮೊದಲು ಕೈಲಿರುವ ಬೇಸ್ ಸರಿ ಮಾಡಿ

ಕೊಡಗಿನ ಸುಂಟಿಕೊಪ್ಪದ ಹತ್ತಿರ ಒಂದು ಕಾಫಿ ತೋಟದಲ್ಲಿ ನಾನು ರೈಟರ್. ಬೆಳಿಗ್ಗೆ ಆಳುಗಳ ಹಾಜರಿ ತೆಗೆದು, ಮಳೆ ಎಷ್ಟು ಇಂಚು ಎಷ್ಟು ಸೆಂಟ್ ಅಂತ ಬರೆದು ದಿನ ಶುರು ಮಾಡುತ್ತೇನೆ. ಸಂಜೆ ಬೇಸ್ ಗಿಟಾರ್. ಮದುವೆ ಆರ್ಕೆಸ್ಟ್ರಾದಲ್ಲೂ ಚರ್ಚಿನ ಹಾಡಿನ ತಂಡದಲ್ಲೂ ನುಡಿಸುತ್ತೇನೆ. ಹನ್ನೊಂದು ವರ್ಷದಲ್ಲಿ ಏಳು ಬೇಸ್ ನನ್ನ ಕೈ ದಾಟಿವೆ. ಅದರಲ್ಲಿ ಮೂರನ್ನು ಕೊಟ್ಟಿದ್ದು ತಪ್ಪು ಅಂತ ಈಗ ಅನಿಸುತ್ತದೆ. ತಂತಿಯ ದನಿ ಸತ್ತಿತ್ತು, ನೆಕ್ (ಬೇಸಿನ ಉದ್ದನೆಯ ಕತ್ತು) ಬಾಗಿತ್ತು. ನಾನು ಬೇಸೇ ಸರಿಯಿಲ್ಲ ಅಂದುಕೊಂಡು ಬದಲಾಯಿಸಿಬಿಟ್ಟೆ.

ಅದಕ್ಕೇ ಮೊದಲ ಮಾತು ಸೆಟಪ್, ಅಂದರೆ ತಂತಿ, ನೆಕ್, ಎತ್ತರ ಎಲ್ಲ ಹದ ಮಾಡುವ ಕೆಲಸ. ಅದು ಆಗದೆ ಎರಡು ಬೇಸ್ ಹೋಲಿಸಲು ಕೂರಬೇಡಿ.

ಹೊಸ ತಂತಿ ಹಾಕಿ. ನಾಲ್ಕು ತಂತಿಯ ಬೇಸಿಗೆ 45ರಿಂದ 105ರ ಸೆಟ್ ಸಾಮಾನ್ಯ (ಇಂಚಿನ ಸಾವಿರದ ಭಾಗದಲ್ಲಿ ತಂತಿಯ ದಪ್ಪ). ಶ್ರುತಿ ಮಾಡಿ ಒಂದು ರಾತ್ರಿ ಬಿಡಿ. ಮರುದಿನ ಮತ್ತೆ ಶ್ರುತಿ ಮಾಡಿ ನೆಕ್ ನೋಡಿ. ನೆಕ್ ಮೇಲಿನ ಲೋಹದ ಅಡ್ಡಗೀರುಗಳೇ ಫ್ರೆಟ್. ಮೊದಲ ಫ್ರೆಟ್ಟಿಗೆ ಕ್ಯಾಪೋ (ತಂತಿ ಒತ್ತಿ ಹಿಡಿಯುವ ಕ್ಲಿಪ್) ಹಾಕಿ, ನೆಕ್ ಬಾಡಿಗೆ ಸೇರುವ ಜಾಗದ ಫ್ರೆಟ್ಟಿನಲ್ಲಿ ದಪ್ಪ ತಂತಿ ಒತ್ತಿ ಹಿಡಿಯಿರಿ. ಈಗ ಏಳನೇ ಎಂಟನೇ ಫ್ರೆಟ್ ಹತ್ತಿರ ತಂತಿಗೂ ಫ್ರೆಟ್ಟಿಗೂ ನಡುವೆ ಒಂದು ಸಣ್ಣ ಸಂದು ಕಾಣಬೇಕು. ಎಷ್ಟು ಸಂದು? ನಮ್ಮ ತೋಟದ ಮೆಕ್ಯಾನಿಕ್ ಹತ್ತಿರ ಇಂಜಿನ್ ಟ್ಯಾಪೆಟ್ ಸಂದು ಅಳೆಯುವ, ತೆಳು ಲೋಹದ ಎಲೆಗಳ ಫೀಲರ್ ಗೇಜ್ ಇದೆ. ಅದನ್ನೇ ಕೇಳಿ ತರುತ್ತೇನೆ. 0.30 ಮಿಲಿಮೀಟರಿನ ಎಲೆ ತಂತಿಯನ್ನು ಎತ್ತದೆ, ಸಡಿಲವೂ ಆಗದೆ ಜಾರಿ ಹೋಗಬೇಕು. ಬೆರಳಿಗೆ ಎಣ್ಣೆ ಹಚ್ಚಿದ ಕಾಗದ ಎಳೆದ ಹಾಗೆ ಅನಿಸುತ್ತದೆ. ಸಂದು ಜಾಸ್ತಿ ಇದ್ದರೆ ಟ್ರಸ್ ರಾಡನ್ನು (ನೆಕ್ಕಿನ ಬಾಗು ತಿದ್ದುವ ಒಳಗಿನ ಸರಳು) ಗಡಿಯಾರದ ಮುಳ್ಳು ತಿರುಗುವ ಕಡೆಗೆ ಕಾಲು ಸುತ್ತು ತಿರುಗಿಸಿ. ಸಂದೇ ಇಲ್ಲದಿದ್ದರೆ ಉಲ್ಟಾ ಕಡೆಗೆ. ಕಾಲು ಸುತ್ತಿಗಿಂತ ಒಂದೇ ಸಲಕ್ಕೆ ಜಾಸ್ತಿ ಬೇಡ. ಬಿಗಿಯಾಗಿ ನಿಂತರೆ ಅಲ್ಲಿಗೇ ಬಿಡಿ, ಬಲ ಹಾಕಬೇಡಿ.

ಆಮೇಲೆ ತಂತಿಯ ಎತ್ತರ. ಹದಿನೇಳನೇ ಫ್ರೆಟ್ ಹತ್ತಿರ ದಪ್ಪ ತಂತಿಯ ಕೆಳಗೆ ಸುಮಾರು 2.4, ಸಣ್ಣ ತಂತಿಯ ಕೆಳಗೆ 2 ಮಿಲಿಮೀಟರ್. ಕೊನೆಗೆ ಹನ್ನೆರಡನೇ ಫ್ರೆಟ್ ಪರೀಕ್ಷೆ. ಅಲ್ಲಿ ತಂತಿಯನ್ನು ಸುಮ್ನೆ ಮುಟ್ಟಿ ಹಾರ್ಮೋನಿಕ್ ಬಾರಿಸಿ, ನಂತರ ಒತ್ತಿ ಬಾರಿಸಿ. ಒತ್ತಿದ ಸ್ವರದ ಶ್ರುತಿ ಮೇಲೆ ಹೋದರೆ ಬ್ರಿಡ್ಜಿನ ಸ್ಯಾಡಲ್ (ಬಾಡಿ ಕಡೆ ತಂತಿ ಕೂರುವ ಸಣ್ಣ ತುಂಡು) ಹಿಂದಕ್ಕೆ ಎಳೆಯಿರಿ, ಕೆಳಗೆ ಬಂದರೆ ಮುಂದಕ್ಕೆ ತಳ್ಳಿ.

ಕೊಡಗಿನಲ್ಲಿ ಈ ಕೆಲಸ ವರ್ಷಕ್ಕೊಂದು ಸಲ ಮಾಡಿದರೆ ಸಾಲದು. ಜೂನ್ ತಿಂಗಳಿಂದ ಗೋಡೆಯೇ ಬೆವರುತ್ತದೆ, ಮರ ಸುಮ್ಮನಿರುತ್ತದಾ? ಮಳೆ ಬರೆಯುವ ಪುಸ್ತಕದ ಅಂಚಿನಲ್ಲೇ ನಾನು ನೆಕ್ಕಿನ ಸಂದನ್ನೂ ಬರೆಯುತ್ತೇನೆ. ಕಾಫಿ ಹೂ ಅರಳಿಸುವ ಬೇಸಿಗೆಯ ಹೂಮಳೆ ಹೊತ್ತಿಗೆ 0.30 ಇದ್ದ ಬೇಸ್ ಒಂದು ಜುಲೈನಲ್ಲಿ 0.50 ತೋರಿಸಿತ್ತು. ಇನ್ನೊಂದು ಬೇಸ್ ಅದೇ ಕೋಣೆಯಲ್ಲಿ ಅಲುಗಾಡಲೇ ಇಲ್ಲ. ಹಾಗಾಗಿ ಮೇ ಕೊನೆಗೆ ಒಂದು ಸಲ, ಪುತ್ತರಿ (ನವೆಂಬರ್–ಡಿಸೆಂಬರ್ ಹೊತ್ತಿನ ಕೊಡವರ ಸುಗ್ಗಿ ಹಬ್ಬ) ಕಳೆದ ಮೇಲೆ ಒಂದು ಸಲ ಅಳೆಯಿರಿ. ಬೇಸನ್ನು ಹೊರಗೋಡೆಗೆ ತೂಗು ಹಾಕಬೇಡಿ. ಮಳೆಗಾಲದಲ್ಲಿ ಕೇಸಿನೊಳಗೆ ಸಿಲಿಕಾ ಜೆಲ್ ಪೊಟ್ಟಣ ಇಡಿ. ನುಡಿಸಿದ ಮೇಲೆ ಒಣ ಬಟ್ಟೆಯಲ್ಲಿ ತಂತಿಯ ಅಡಿಭಾಗವನ್ನೂ ಒರೆಸಿ. ತುಕ್ಕು ಮೊದಲು ಹಿಡಿಯುವುದು ಅಲ್ಲೇ. ಒಲೆಯ ಹತ್ತಿರ ಇಟ್ಟು ಒಣಗಿಸುವವರನ್ನು ನೋಡಿದ್ದೇನೆ, ದಯವಿಟ್ಟು ಬೇಡ.

ಈಗ ಹೋಲಿಕೆ. ಎರಡು ಬೇಸಿಗೂ ಒಂದೇ ಕೇಬಲ್, ಒಂದೇ ಆಂಪ್ಲಿಫೈಯರ್, ಎಲ್ಲ ಗುಂಡಿಗಳೂ ನಡುವೆ. ಇದಕ್ಕಿಂತ ಮುಖ್ಯ ವಾಲ್ಯೂಮ್. ಯಾವುದು ಜೋರಾಗಿ ಕೇಳುತ್ತದೋ ಅದೇ ಚೆನ್ನಾಗಿದೆ ಅಂತ ಕಿವಿ ಹೇಳುತ್ತದೆ. ಒಂಬತ್ತು ವೋಲ್ಟ್ ಬ್ಯಾಟರಿ ಹಾಕುವ ಆಕ್ಟಿವ್ ಬೇಸ್ ಸಾಮಾನ್ಯವಾಗಿ ಜೋರು. ಅದನ್ನು ಇಳಿಸಿ, ಬ್ಯಾಟರಿ ಇಲ್ಲದ ಪ್ಯಾಸಿವ್ ಬೇಸಿಗೆ ಸಮ ಮಾಡಿ ಕೇಳಿ. ಅಭಿಪ್ರಾಯ ಬದಲಾದರೂ ಆಗಬಹುದು. ಫೋನಿನ ಸ್ಪೀಕರಿನಲ್ಲಿ ಕೇಳಿ ತೀರ್ಮಾನ ಮಾಡಬೇಡಿ. ಬೇಸಿನ ಖಾಲಿ ದಪ್ಪ ತಂತಿ ಸುಮಾರು 41 ಹರ್ಟ್ಸ್, ಆ ಪುಟ್ಟ ಸ್ಪೀಕರಿಗೆ ಅದು ಸಿಗುವುದೇ ಇಲ್ಲ. ನಾನು ನಮ್ಮ ಗಿಟಾರ್ ಹುಡುಗನ ಕೈಗೆ ಬೇಸ್ ಕೊಟ್ಟು ಸಭಾಂಗಣದ ಕೊನೆಯ ಬೆಂಚಿನಲ್ಲಿ ಕೂತು ಕೇಳುತ್ತೇನೆ. ಡ್ರಮ್ ಜೊತೆಗೇ ಕೇಳಬೇಕು. ಕೋಣೆಯಲ್ಲಿ ಒಂಟಿಯಾಗಿ ಸೊಗಸಾಗಿದ್ದದ್ದು ತಂಡದಲ್ಲಿ ಮಾಯವಾಗುವುದುಂಟು.

ತೂಕವನ್ನೂ ಹೋಲಿಸಿ. ಕಾಫಿ ಹಣ್ಣು ತೂಗುವ ತಕ್ಕಡಿಗೇ ನಾನು ಬೇಸನ್ನು ಸ್ಟ್ರಾಪ್ ಸಮೇತ ತೂಗು ಹಾಕುತ್ತೇನೆ. ನಾಲ್ಕು ಕಿಲೋ ಆರಾಮ. ನಾಲ್ಕೂವರೆ ದಾಟಿದರೆ ಮದುವೆಯಲ್ಲಿ ಮೂರು ಗಂಟೆ ನಿಂತ ಮೇಲೆ ಎಡ ಭುಜ ಲೆಕ್ಕ ಕೇಳುತ್ತದೆ.

ಯಾವ ಥರದ ಬೇಸ್ ಅನ್ನುವುದಕ್ಕೆ ಎರಡು ಹೆಸರು ಗೊತ್ತಿದ್ದರೆ ಅರ್ಧ ದಾರಿ ಸುಗಮ. ಫೆಂಡರ್ ಕಂಪನಿಯ ಪ್ರೆಸಿಷನ್ ಬೇಸ್ 1951ರದು, ಜಾಝ್ ಬೇಸ್ 1960ರದು. ಇವತ್ತಿನ ಬಹುಪಾಲು ಬೇಸ್‌ಗಳು ಈ ಎರಡರ ಮಕ್ಕಳು ಮೊಮ್ಮಕ್ಕಳೇ. ಪ್ರೆಸಿಷನ್ನಿಗೆ ಎರಡು ತುಂಡಾಗಿ ಕೂತ ಒಂದು ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಅಯಸ್ಕಾಂತ, ತಂತಿಸುರುಳಿ). ದಪ್ಪ ದನಿ, ಗೊರ್ ಅನ್ನುವ ಹಮ್ ಕಡಿಮೆ. ಜಾಝಿಗೆ ಎರಡು ಸಿಂಗಲ್ ಕಾಯಿಲ್, ಅಂದರೆ ಒಂದೊಂದೇ ಸುರುಳಿಯ ಪಿಕಪ್. ಬ್ರಿಡ್ಜ್ ಕಡೆಯದನ್ನು ಏರಿಸಿದರೆ ಮೂಗಿನಿಂದ ಹಾಡಿದ ಹಾಗೆ ಗುರುಗುಟ್ಟುತ್ತದೆ. ಎರಡರ ವಾಲ್ಯೂಮನ್ನೂ ಸಮ ಇಟ್ಟರೆ ಹಮ್ ಇಳಿಯುತ್ತದೆ. ನಟ್ (ನೆಕ್ಕಿನ ಮೇಲ್ತುದಿಯಲ್ಲಿ ತಂತಿ ಕೂರುವ ಪಟ್ಟಿ) ಹತ್ತಿರ ಜಾಝಿನ ನೆಕ್ ಸುಮಾರು 38 ಮಿಲಿಮೀಟರ್, ಪ್ರೆಸಿಷನ್ ಅದಕ್ಕಿಂತ ಅಗಲ. ಸಣ್ಣ ಕೈಯವರಿಗೆ ಈ ವ್ಯತ್ಯಾಸ ದೊಡ್ಡದು. ವಾಲಗದ ಲಯಕ್ಕೆ ಹಾಡು ಕಟ್ಟಿ ನುಡಿಸುವಾಗ ನನಗೆ ಪ್ರೆಸಿಷನ್ನೇ ಬೇಕು, ಚರ್ಚಿನಲ್ಲಿ ಜಾಝ್. ಯಮಹಾ ಟಿಆರ್‌ಬಿಎಕ್ಸ್ 174ರಲ್ಲಿ ಎರಡೂ ಥರದ ಪಿಕಪ್ ಒಟ್ಟಿಗೆ ಇವೆ. ಮೊದಲ ಬೇಸ್ ಕೇಳಿದವರಿಗೆ ನಾನು ಅದನ್ನೇ ಹೇಳುವುದು.

ಮರದ ಬಗ್ಗೆ ಒಂದು ಮಾತು. ಫ್ರೆಟ್‌ಬೋರ್ಡಿಗೆ (ಫ್ರೆಟ್ ಕೂರುವ ಹಲಗೆ) ಹಾಕುವ ಇಂಡಿಯನ್ ರೋಸ್‌ವುಡ್ ಅಂದರೆ ನಮ್ಮ ಬೀಟೆ. 2017ರಲ್ಲಿ ಅದರ ಇಡೀ ಕುಲವನ್ನು ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣಕ್ಕೆ ತಂದರು. 2019ರಲ್ಲಿ ತಯಾರಾದ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ಆ ನಡುವೆ ಬೇರೆ ಮರ ಹುಡುಕಿದವರು ಇಂಡಿಯನ್ ಲಾರೆಲ್ ಹಿಡಿದರು. ಅದು ಯಾವುದು ಗೊತ್ತಾ? ನಮ್ಮ ಮತ್ತಿ ಮರ. ನೆರಳಿಗೆ ನಿಂತ ಆ ಮತ್ತಿಯ ಕೆಳಗೇ ದಿನಾ ಓಡಾಡುವವನು ನಾನು. ಫೆಂಡರಿನದೇ ಅಗ್ಗದ ಬ್ರ್ಯಾಂಡ್ ಸ್ಕ್ವಯರ್ ಬೇಸಿನ ಬೋರ್ಡ್ ಮೇಲೆ ಬೆರಳಿಟ್ಟಾಗ ಆ ನಾರು ಗುರುತು ಸಿಕ್ಕಿ ಖುಷಿಯಾಯಿತು. ಬೀಟೆ, ಮತ್ತಿ ಎರಡಕ್ಕೂ ವರ್ಷಕ್ಕೆರಡು ಸಲ ಫ್ರೆಟ್‌ಬೋರ್ಡ್ ಎಣ್ಣೆ ಎರಡು ಹನಿ ಸಾಕು. ಕೊಬ್ಬರಿ ಎಣ್ಣೆ ಬೇಡ.

ತಿದ್ದುವ ಕೆಲಸವನ್ನು ಅಗ್ಗದಿಂದ ಶುರು ಮಾಡಿ. ಮೊದಲು ತಂತಿಯ ಜಾತಿ ಬದಲಿಸಿ. ಮೈ ನುಣುಪಾದ ಫ್ಲಾಟ್‌ವೂಂಡ್ ತಂತಿ ಹಾಕಿದರೆ ಅದೇ ಬೇಸ್ ಬೇರೆಯಾಗಿಬಿಡುತ್ತದೆ. ಬೆರಳು ಜಾರುವ ಕೀರಲು ಸದ್ದು ಹೋಗುತ್ತದೆ, ದನಿ ದುಂಡಗಾಗುತ್ತದೆ. ಆಮೇಲೆ ಪಿಕಪ್ ಎತ್ತರ. ಎರಡು ಸ್ಕ್ರೂ, ಖರ್ಚು ಸೊನ್ನೆ. ತಂತಿಗೆ ತೀರಾ ಹತ್ತಿರ ಬಂದರೆ ಅಯಸ್ಕಾಂತ ಎಳೆದು ಸ್ವರ ತೂರಾಡುತ್ತದೆ. ಗುಂಡಿ ತಿರುಗಿಸಿದಾಗ ಕರಕರ ಅಂದರೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಇಪ್ಪತ್ತು ಸಲ ತಿರುಗಿಸಿ. ನಮ್ಮ ತೇವಕ್ಕೆ ಇದು ಮಾಮೂಲಿ ಕಾಯಿಲೆ.

ಸೋಲ್ಡರಿಂಗ್ ಬಂದರೆ, ಚೂಪು ದನಿ ಇಳಿಸುವ ಟೋನ್ ಕೆಪಾಸಿಟರ್ ಬದಲಿಸಿ ನೋಡಿ. ಪ್ಯಾಸಿವ್ ಬೇಸಿನಲ್ಲಿ ಸಾಮಾನ್ಯವಾಗಿ 0.047 ಮೈಕ್ರೋಫ್ಯಾರಡ್. ಅದರ ಮೈಮೇಲೆ 473 ಅಂತ ಇರುತ್ತದೆ. ಕಡಿಮೆ ಬೆಲೆಯದು, ಹೆಚ್ಚಾಗಿ ರೇಡಿಯೋ ರಿಪೇರಿ ಅಂಗಡಿಯಲ್ಲೇ ಸಿಗುತ್ತದೆ. ಬಾಡಿಯಲ್ಲಿ ವೈರು, ಪಿಕಪ್ ಕೂರುವ ಒಳಗುಳಿಗೆ ತಾಮ್ರದ ಟೇಪ್ ಅಂಟಿಸಿ ಅರ್ತ್ ಮಾಡಿದರೆ ಚರಚರ ಸದ್ದು ಇಳಿಯುತ್ತದೆ, ಸಿಂಗಲ್ ಕಾಯಿಲಿನ ಹಮ್ ಮಾತ್ರ ಪೂರ್ತಿ ಹೋಗುವುದಿಲ್ಲ. ಸಭಾಂಗಣದ ವೈರಿಂಗಿನಲ್ಲಿ ಅರ್ತ್ ಇಲ್ಲದಿದ್ದರೆ ಬೇಸಿಗೆ ಏನು ಮಾಡಿದರೂ ವ್ಯರ್ಥ. ತಂತಿ ಹಿಡಿದು ಮೈಕ್ ಮುಟ್ಟಿದರೆ ಶಾಕ್ ಹೊಡೆಯುವ ಅಪಾಯವೂ ಇದೆ. ಮೊದಲು ಎಲೆಕ್ಟ್ರಿಷಿಯನ್ನರನ್ನು ಕರೆಸಿ.

ತೆಗೆದ ಹಳೆ ಸಾಮಾನು ಒಂದನ್ನೂ ಬಿಸಾಡಬೇಡಿ. ಸ್ಕ್ರೂ ಸಮೇತ ಡಬ್ಬಿಗೆ ಹಾಕಿ ಮೇಲೆ ಬೇಸಿನ ಹೆಸರು ಬರೆಯಿರಿ. ಮಾರುವಾಗ ದುಬಾರಿ ಪಿಕಪ್ಪಿಗೆ ಯಾರೂ ಪೂರ್ತಿ ಬೆಲೆ ಕೊಡುವುದಿಲ್ಲ. ಹಳೆಯದನ್ನು ಮತ್ತೆ ಕೂರಿಸಿ ಮಾರಿ, ಒಳ್ಳೆಯದನ್ನು ನೀವೇ ಇಟ್ಟುಕೊಳ್ಳಿ. ಮರ ಕೆತ್ತಬೇಕಾದ ಬದಲಾವಣೆಗೆ ನಾನು ಕೈ ಹಾಕುವುದಿಲ್ಲ, ಅದನ್ನು ವಾಪಸ್ ಮಾಡಲು ಆಗುವುದಿಲ್ಲ ಅಲ್ವಾ.

ಕೊಡು ಕೊಳ್ಳುವಾಗ ಎದುರಾಎದುರು ಕೂರಿ. ಒಮ್ಮೆ ಫೋಟೋ ನೋಡಿ 9,000 ರೂಪಾಯಿ ಕಳಿಸಿ ಒಂದು ಬೇಸ್ ತರಿಸಿದೆ. ಹೊಳೆಯುತ್ತಿತ್ತು. ಆಲನ್ ಕೀ (ರಾಡ್ ತಿರುಗಿಸುವ ಆರು ಮೂಲೆಯ ಕೀ) ಹಾಕಿದರೆ ಟ್ರಸ್ ರಾಡಿನ ಬಾಯಿ ಸವೆದು ಕೀ ಸುಮ್ನೆ ಸುತ್ತುತ್ತಿತ್ತು. ನೆಕ್ ಬಾಗಿದ ಹಾಗೇ ಉಳಿಯಿತು. ಮಾರಿದವರು ಫೋನ್ ಎತ್ತಲಿಲ್ಲ. ಆ ಬೇಸಿನಲ್ಲಿ ಉಪಯೋಗಕ್ಕೆ ಬಂದದ್ದು ಪಿಕಪ್ ಮತ್ತು ಬ್ರಿಡ್ಜ್ ಮಾತ್ರ.

ಅಂದಿನಿಂದ ಜೇಬಿನಲ್ಲಿ ಆಲನ್ ಕೀ ಸೆಟ್, ಮಲ್ಟಿಮೀಟರ್, ಕೇಬಲ್ ಇಲ್ಲದೆ ಹೋಗುವುದಿಲ್ಲ. ಬಾಡಿ ಕಡೆಯಿಂದ ಒಂದು ಕಣ್ಣು ಮುಚ್ಚಿ ನೆಕ್ಕಿನುದ್ದಕ್ಕೂ ನೋಡಿ. ಬಾಗಿದ್ದರೆ ಸರಿಮಾಡಬಹುದು, ತಿರುಚಿದ್ದರೆ ಎದ್ದು ಬನ್ನಿ. ನಾಲ್ಕೂ ತಂತಿಯಲ್ಲಿ ಪ್ರತಿ ಫ್ರೆಟ್ ಬಾರಿಸಿ. ರಾಡ್ ಎರಡೂ ಕಡೆಗೆ ಸ್ವಲ್ಪ ಹಿಡಿತ ಕೊಡುತ್ತದಾ ಅಂತ ಮಾಲೀಕರ ಅನುಮತಿ ಕೇಳಿ ನೋಡಿ. ಪ್ಯಾಸಿವ್ ಬೇಸ್ ಆದರೆ ವಾಲ್ಯೂಮ್ ಪೂರ್ತಿ ಇಟ್ಟು, ಕೇಬಲ್ ತುದಿಗೆ ಮೀಟರ್ ಹಿಡಿಯಿರಿ. ಕೆಲವು ಕಿಲೋ ಓಮ್ ತೋರಿಸಬೇಕು. ನೂರಾರು ಕಿಲೋ ಓಮ್ ಬಂದರೆ ಪಿಕಪ್ಪಿನ ಕಾಯಿಲ್ ತುಂಡಾಗಿರಬಹುದು. ಆಕ್ಟಿವ್ ಆದರೆ ಬ್ಯಾಟರಿ ಗೂಡು ತೆರೆದು ಹಸಿರು ಕಿಲುಬು ಇದೆಯಾ ನೋಡಿ.

ಅದಲು ಬದಲಿನಲ್ಲಿ ಮೇಲೆ ಹಣ ಎಷ್ಟು ಅನ್ನುವುದು ಹೊರಡುವ ಮೊದಲೇ ಫೋನಿನಲ್ಲಿ ಖಚಿತವಾಗಲಿ. ನಾನು ಐಬನೇಝ್ ಕಂಪನಿಯ ಬೇಸ್ ಕೊಟ್ಟು, ಮೇಲೆ 3,000 ಹಾಕಿ, ಮೈಸೂರಿನ ಒಬ್ಬರಿಂದ ಸ್ಕ್ವಯರ್ ಜಾಝ್ ತಗೊಂಡೆ. ಇಬ್ಬರಿಗೂ ಅನುಕೂಲ ಅಂತ ಕುಶಾಲನಗರದಲ್ಲಿ ಸೇರಿದೆವು. ನನ್ನ ಬೇಸಿನ ಹಿಂದೆ ಬೆಲ್ಟ್ ಬಕಲ್ ಗೀರಿದ ಗುರುತು, ಮೂರನೇ ಫ್ರೆಟ್ಟಿನ ಸವೆತ ಎರಡನ್ನೂ ನಾನೇ ತೋರಿಸಿದೆ. ಪುಸ್ತಕದ ಪುಟದ ನಕಲನ್ನೂ ಕೊಟ್ಟೆ: ಯಾವ ತಿಂಗಳು ಎಷ್ಟು ಸಂದು, ಯಾವ ತಂತಿ, ಏನು ಬದಲಿಸಿದ್ದು. ಮೈಸೂರಿನ ಒಣ ಹವೆಯಲ್ಲಿ ಒಂದು ವಾರ ಹಾಗೇ ಇಡಿ, ಆಮೇಲೆ ಅಳೆದು ಬೇಕಿದ್ದರೆ ಕಾಲು ಸುತ್ತು ತಿರುಗಿಸಿ ಅಂತ ಹೇಳಿ, ಆಲನ್ ಕೀಯನ್ನು ಕೇಸಿನ ಜೇಬಿನಲ್ಲಿಟ್ಟು ಬಸ್ ಹತ್ತಿಸಿದೆ.