ಹಗೇವಿನ ಅಳತಿ: ರೋಲ್‌ಪ್ಲೇ ಆಡಿ ಕತಿ ಬರಿಯಾಕ ಕಲ್ತಿದ್ದು, ಮರ್ತಿದ್ದು

ಬಾಗಲಕೋಟಿ ನವನಗರದಾಗ ನಂದೊಂದು ಝೆರಾಕ್ಸ್, ಟೈಪಿಂಗ್ ಅಂಗಡಿ ಐತ್ರಿ. ಮುಂಜಾನಿಂದ ರಾತ್ರಿ ತನ ಮಂದಿ ಅರ್ಜಿ, ಬಾಂಡ್ ಪೇಪರ್, ಲಗ್ನಪತ್ರಿಕಿ ಟೈಪ್ ಮಾಡೂದ ಕೆಲಸ. ಕತಿ ಬರಿಯೋ ಹುಚ್ಚು ಕಾಲೇಜಿನ್ಯಾಗಿಂದ ಇತ್ತು, ಆದ್ರ ಬರದದ್ದು ಒಂದೂ ಎರಡನೇ ಪುಟ ದಾಟ್ತಿದ್ದಿಲ್ಲ. 2020ರ ಲಾಕ್‌ಡೌನಿನ್ಯಾಗ ಅಂಗಡಿ ಬಾಗ್ಲಾ ಹಾಕಿ ಮನ್ಯಾಗ ಕುಂತಾಗ ಗೆಳೆಯಾ ಒಬ್ಬಾಂವ ಟೆಲಿಗ್ರಾಮ್ ಗ್ರೂಪಿಗೆ ಹಾಕಿದ, ಏಳು ಮಂದಿ ಕೂಡಿ ಕನ್ನಡದಾಗ ರೋಲ್‌ಪ್ಲೇ ಆಡೋ ಗ್ರೂಪು. ಒಬ್ಬೊಬ್ರು ಒಂದೊಂದು ಪಾತ್ರ ಹಿಡ್ಕೋಬೇಕು, ನಾ ನಾಲ್ಕು ಸಾಲು ಬರದು ಬಿಟ್ರ ಮುಂದಿನವ್ರು ಅಲ್ಲಿಂದ ಎತ್ಕೋತಾರ, ಮುಂದ ಏನಾಗ್ತೈತಿ ಅನ್ನೂದು ಯಾರಿಗೂ ಗೊತ್ತಿರೂದಿಲ್ಲ. ಪಾತ್ರ ಬಿಟ್ಟು ನಾವ್ ನಾವ ಮಾತಾಡೂದಿದ್ರ ಎರಡೆರಡು ಕಂಸ ಹಾಕಿ ಬರಿಬೇಕು, ಅದಕ್ಕ ಓಓಸಿ ಅಂತಾರ.

ಇದೇನ್ ಲಾಕ್‌ಡೌನಿನ್ಯಾಗ ಹುಟ್ಟಿದ ಆಟ ಅಲ್ಲ. 1978ರಾಗನ ಇಂಗ್ಲೆಂಡಿನ ಎಸೆಕ್ಸ್ ಯುನಿವರ್ಸಿಟಿಯೊಳಗ ರಾಯ್ ಟ್ರಬ್‌ಶಾ, ರಿಚರ್ಡ್ ಬಾರ್ಟಲ್ ಅನ್ನೋರು ಮಡ್ ಅಂತ ಒಂದು ಕಂಪ್ಯೂಟರ್ ಆಟ ಕಟ್ಟಿದ್ರು, ಚಿತ್ರ ಇಲ್ಲ ಏನಿಲ್ಲ, ಬರೇ ಅಕ್ಷರದಾಗ ಊರು, ಮಂದಿ, ಬಡದಾಟ ಎಲ್ಲಾ. ಅದು ನನಗ ಗೊತ್ತಾಗಿದ್ದು ಭಾಳ ದಿನದ ಮ್ಯಾಲ. ಮೊದಲ ವಾರ ನನಗ ನೆನಪಾಗಿದ್ದು ಜಾತ್ರಿ ಒಳಗಿನ ಗೀಗೀ ಮ್ಯಾಳ. ಹರದೇಶಿಯವ್ರು ಗಂಡು ಹೆಚ್ಚು ಅನ್ನೂದು, ನಾಗೇಶಿಯವ್ರು ಹೆಣ್ಣು ಹೆಚ್ಚು ಅನ್ನೂದು, ಬೆಳಕ ಹರಿಯೂ ತನ ಸವಾಲ್ ಜವಾಬ್. ಆ ಕಡಿಯಿಂದ ಬಂದ ಸವಾಲಿಗೆ ನಿಂತ ಕಾಲಾಗ ಉತ್ತರ ಕೊಡಬೇಕು, ಮನಿಗೆ ಹೋಗಿ ವಿಚಾರ ಮಾಡಿ ನಾಳೆ ಹೇಳ್ತೀನಿ ಅಂದ್ರ ಕೇಳಾಕ ಕುಂತ ಮಂದಿ ಬಿಡ್ತಾರೇನು.

ನಮ್ಮ ಆಟದ ಕತಿ ಒಂದು ಮುಳುಗಡಿ ಊರಿಂದು. ನಮಗ ಅದು ದೂರಿನ ಮಾತಲ್ಲ. ಆಲಮಟ್ಟಿ ಡ್ಯಾಮಿಗೆ 1964ರಾಗ ಲಾಲ್ ಬಹದ್ದೂರ್ ಶಾಸ್ತ್ರಿಯವ್ರು ಅಡಿಗಲ್ಲು ಹಾಕಿದ್ದು, ಈಗ 519.60 ಮೀಟರ್ ತನ ನೀರು ನಿಲ್ತೈತಿ, 524.256ಕ್ಕ ಏರಸೂ ಮಾತು ನಡದ ಐತಿ, ಹಳೇ ಬಾಗಲಕೋಟಿಯೊಳಗಿನ ಭಾಳಷ್ಟು ಜಾಗಾ ಮುಳುಗಿದ್ದಕ್ಕ ಈ ನವನಗರ ಎದ್ದಿದ್ದು. ನನ್ನ ಅಂಗಡಿಗೆ ಬರೂ ಗಿರಾಕಿ ಕೈಯಾಗ ಈಗೂ ಪರಿಹಾರದ ಅರ್ಜಿ ಇರ್ತಾವು. ಹಿಂಗಾಗಿ ನಾ ಮುಳುಗಡಿ ಮನಿ ಅಳ್ಯಾಕ ಬರೂ ಸರ್ವೇದಾಂವನ ಪಾತ್ರ ಹಿಡದೆ. ವಿಜಯಪುರದ ಒಬ್ರು ಟೀಚರ್ ಅಕ್ಕಾರು ಗಂಗವ್ವ ಅನ್ನೋ ಮುದುಕಿ ಪಾತ್ರ ತಗೊಂಡ್ರು, ಮನಿ ಬಿಟ್ಟು ಹೋಗಾಕ ಒಲ್ಲೆ ಅನ್ನಾಕಿ.

ಮೊದಲನೇ ಟರ್ನಿನ್ಯಾಗನ ಬೈಸ್ಕೊಂಡೆ. ನಾ ಬರದಿದ್ದು ಹಿಂಗ: "ಸರ್ವೇದಾಂವ ಬಾಗ್ಲಾ ಬಡದ. ಗಂಗವ್ವ ಬಾಗ್ಲಾ ತಗದು ಕಣ್ಣೀರು ಒರಸ್ಕೋತ ಕಾಗದದ ಮ್ಯಾಲ ಹೆಬ್ಬಟ್ಟು ಒತ್ತಿದ್ಲು." ನನಗ ಅದು ಭಾಳ ಚಲೋ ಸಾಲು ಅನ್ನಿಸಿತ್ತು. ಎರಡು ನಿಮಿಷದಾಗ ಕಂಸದೊಳಗ ಅಕ್ಕಾರ ಮೆಸೇಜು: "ಅಣ್ಣಾರ, ಗಂಗವ್ವ ನನ್ನ ಪಾತ್ರ ಅದ. ಆಕಿ ಅಳ್ತಾಳೋ ಬೈತಾಳೋ ನಾ ನೋಡ್ಕೋತೀನಿ. ನೀವು ಬಾಗ್ಲಾ ಬಡದು ಸುಮ್ನ ನಿಲ್ರಿ." ಮತ್ತೊಬ್ಬರ ಪಾತ್ರ ನಾವ ಕುಣಿಸೂದಕ್ಕ ಗಾಡ್‌ಮಾಡಿಂಗ್ ಅಂತಾರ, ಈ ಆಟದಾಗ ಅದಕ್ಕಿಂತ ದೊಡ್ಡ ತಪ್ಪಿಲ್ಲ. ಸಿಟ್ಟು ಬಂತು. ಆದ್ರ ಬಾಗ್ಲಾ ಬಡದು ನಿಂತೆ.

ಆಕಿ ಬಾಗ್ಲಾ ತಗದ್ಲು, ಅಳಲಿಲ್ಲ. ಒಳಗ ಕರದ್ಲು, ಅಡಗಿ ಮನಿ, ಪಡಸಾಲಿ, ದನದ ಕೊಟ್ಟಗಿ ಎಲ್ಲಾ ಅಳಿಯಾಕ ಬಿಟ್ಲು, ನಾ ಬರ್ಕೊಂಡೆ, ಇನ್ನೇನ್ ಹೊಂಟೆ ಅನ್ನೂದ್ರಾಗ ಅಕ್ಕಾರು ಒಂದ ಒಂದು ಸಾಲು ಹಾಕಿದ್ರು: "ತಮ್ಮಾ, ಹಗೇವಿನ ಅಳತಿ ಯಾರು ಹಿಡೀತಾರ?" ಹಗೇವು ಅಂದ್ರ ಜ್ವಾಳ ಇಡೂ ನೆಲದೊಳಗಿನ ಕಣಜ, ಮ್ಯಾಲಿಂದ ನೋಡಿದ್ರ ಒಂದು ಬಂಡಿಗಲ್ಲು ಮುಚ್ಚಿದ್ದಷ್ಟ ಕಾಣ್ತೈತಿ. ನನ್ನ ಫಾರ್ಮಿನ್ಯಾಗ ಅದಕ್ಕ ಕಾಲಮ್ಮ ಇಲ್ಲ. ಅವತ್ತು ರಾತ್ರಿ ಹನ್ನೊಂದರ ತನ ಫೋನ್ ಹಿಡ್ಕೊಂಡು ಕುಂತೆ, ಏನ್ ಬರದ್ರೂ ಸುಳ್ಳು ಅನ್ನಸ್ತಿತ್ತು, ಕಡೀಕ ಬರದೆ: "ಸರ್ವೇದಾಂವ ಅಂಗಿ ಗುಂಡಿ ಬಿಚ್ಚಿ, ಬಕ್ಕಬಾರ್ಲೆ ಮಲಗಿ, ಟೇಪು ಒಳಗ ಬಿಟ್ಟ. ಟೇಪು ಮುಗೀತು, ತಳಾ ಸಿಗಲಿಲ್ಲ." ಗ್ರೂಪಿನ್ಯಾಗ ಐದು ನಿಮಿಷ ಯಾರೂ ಏನೂ ಬರೀಲಿಲ್ಲ. ನಾ ಒಬ್ಬಾಂವ ಕುಂತು ಬರದಿದ್ರ ಆ ಹಗೇವು ನನ್ನ ತಲ್ಯಾಗ ಸಾಯೋ ತನ ಬರ್ತಿದ್ದಿಲ್ಲ, ಯಾಕಂದ್ರ ನನ್ನ ತಲ್ಯಾಗ ಗಂಗವ್ವ ಆಗ್ಲೇ ಹೆಬ್ಬಟ್ಟು ಒತ್ತಿ ಮೂಲ್ಯಾಗ ಕುಂತಿದ್ಲು.

ಹದಿನಾಲ್ಕು ತಿಂಗಳು ಆಡಿದ್ವಿ. ಕೈ ಸಡ್ಲಾತು, ದಿನಾ ಬರ್ಯಾಕ ಬಂತು, ಅದು ಬಿಡ್ರಿ. ಖರೇ ಲಾಭ ಆಗಿದ್ದು ಕಿವಿಗೆ. ಅಕ್ಕಾರು "ಅದ" ಅಂತಿದ್ರು, ನಾ "ಐತಿ" ಅಂತಿದ್ದೆ, ಬೆಳಗಾವಿ ಹುಡುಗ ಒಬ್ಬಾಂವ ಗುತ್ತಿಗೆದಾರನ ಪಾತ್ರ ಆಡ್ತಿದ್ದ, ಅವನ ಸಾಲಿನ್ಯಾಗ ಅರ್ಧ ಮರಾಠಿ. ಹೆಸರು ಮುಚ್ಚಿದ್ರೂ ಯಾರ ಮಾತು ಯಾರದು ಅಂತ ತಿಳೀತಿತ್ತು. ಆಮ್ಯಾಲ ನನ್ನ ಹಳೇ ಕತಿ ತಗದು ಓದಿದ್ರ ಗೌಡನೂ ಆಳೂ ಸಣ್ಣ ಹುಡುಗೀನೂ ಎಲ್ಲಾರೂ ನನ್ನಂಗನ ಮಾತಾಡ್ತಿದ್ರು, ಟೈಪಿಂಗ್ ಅಂಗಡಿಯವ್ನಂಗ.

ಆಟ ಮುಗದ ಮ್ಯಾಲ ಇದನ್ನ ಒಂದು ಕತಿ ಮಾಡೂನು ಅಂತ ಕುಂತೆ. ಇಲ್ಲೇ ನೋಡ್ರಿ ಪಜೀತಿ ಶುರು ಆಗಿದ್ದು. ಚಾಟ್ ಎಲ್ಲಾ ಕಾಪಿ ಮಾಡಿ ಫೈಲಿನ್ಯಾಗ ಹಾಕಿದ್ರ 212 ಪುಟ. ಗೆದ್ದೆ ಅಂದ್ಕೊಂಡೆ, ಅರ್ಧ ಕಾದಂಬರಿ ಆಗೇ ಐತಿ ಅಂತ. ಓದಾಕ ಕುಂತ್ರ ಒಂದು ಚಾ ಕುಡಿಯೂದಕ್ಕ ಹನ್ನೊಂದು ಪುಟ, ಯಾಕಂದ್ರ ಅದನ್ನ ನಾಲ್ಕು ದಿನ ಆಡಿದ್ವಿ. ಆಡಾಗ ಅದ ಭಾಳ ಚಂದ ಇತ್ತು. ಓದಾಕ ಬರೂದಿಲ್ಲ.

ಸರಿ, ಫೈಲ್ ಮುಚ್ಚಿ ಹೊಸದಾಗಿ ಬರಿಯೂನು ಅಂದ್ರ ಇನ್ನೊಂದು ರೋಗ. ಪ್ರತಿ ಪ್ಯಾರಾ ಒಂದು ಪ್ರಶ್ನೆ ಇಟ್ಟು ಮುಗೀತಿತ್ತು, ಎದುರಿಗಿನವ್ರಿಗೆ ಹಿಡಿಯಾಕ ಒಂದು ಹಿಡಿಕಿ ಬಿಟ್ಟಂಗ, ಆದ್ರ ಎದುರಿಗೆ ಯಾರೂ ಇಲ್ಲ. "ಮುದುಕಿ ಏನೋ ಹೇಳಾಕ ಬಾಯಿ ತಗದ್ಲು" ಅಂತ ಬರದು ನಾ ಸುಮ್ನ ಕುಂತಿದ್ದೆ, ಖರೇನ, ಹತ್ತು ನಿಮಿಷ, ಆಕಿ ಹೇಳ್ತಾಳ ಅಂತ. ಹದಿನಾಲ್ಕು ತಿಂಗಳು ಮತ್ತೊಬ್ಬರ ಪಾತ್ರ ಮುಟ್ಟಬಾರ್ದು ಅಂತ ಕಲ್ತಿದ್ದು ಕೈಯಾಗ ಎಷ್ಟು ಕುಂತಿತ್ತಂದ್ರ ನನ್ನ ಕತ್ಯಾಗಿನ ಮುದುಕಿನ್ನೂ ಮುಟ್ಟಾಕ ಅಂಜಿಕಿ. ಗಾಡ್‌ಮಾಡಿಂಗ್ ತಪ್ಪು ಅಂತಾರ, ಆದ್ರ ಒಬ್ಬಾಂವನ ಕುಂತು ಕತಿ ಬರಿಯೂದು ಅಂದ್ರ ಅದ ಅಲ್ಲೇನ್ರಿ.

ಏನ್ ಮಾಡಿದೆ ಅಂದ್ರ, ನಮ್ಮ ಮನಿಯಾಕಿ ಫೋನ್ ಇಸ್ಕೊಂಡೆ. ಆಕಿ ಫೋನಿನಿಂದ ಗಂಗವ್ವ, ನನ್ನ ಫೋನಿನಿಂದ ಸರ್ವೇದಾಂವ, ಎರಡೂ ನಾನ. ಒಂದು ರೂಲು ಇಟ್ಕೊಂಡಿದ್ದೆ, ಗಂಗವ್ವನ ಫೋನು ಹಿಡದಾಗ ಸರ್ವೇದಾಂವಗ ಏನ್ ಬೇಕಾಗೈತಿ ಅನ್ನೂದು ಮರೀಬೇಕು, ಆಕಿಗೆ ಏನ್ ಬೇಕು ಅಷ್ಟ. ಎರಡು ವಾರ ಹಿಂಗ ನಡೀತು. ಒಂದಿನ ನಾ ಅಂಗಡ್ಯಾಗಿದ್ದಾಗ ಫೋನ್ ಆಕಿ ಕೈಯಾಗ ಅನ್ನೂದು ಮರ್ತು "ಹಗೇವಿನ್ಯಾಗ ಏನಿಟ್ಟಿ ಹೇಳವ್ವಾ, ನಾ ಯಾರ ಮುಂದೂ ಹೇಳೂದಿಲ್ಲ" ಅಂತ ಕಳಿಸಿಬಿಟ್ಟೆ. ತಿರುಗಿ ಬಂತು: "ನಿಮ್ಮ ಸೋದರತ್ತಿ ಕೊಟ್ಟ ರೊಕ್ಕ. ಊಟಕ್ಕ ಬರ್ತೀರೋ ಇಲ್ಲೋ?" ಕತ್ಯಾಗ ಹಗೇವಿನ್ಯಾಗ ಏನೈತಿ ಅಂತ ನನಗೂ ಗೊತ್ತಿದ್ದಿಲ್ಲ ಅಲ್ಲಿ ತನ. ಆ ಸಾಲು ಇಟ್ಕೊಂಡೀನಿ, ಸೋದರತ್ತಿ ಹೋಗಿ ತವರುಮನಿ ಆಗೈತಿ ಅಷ್ಟ.

ಆಮ್ಯಾಲ ಎರಡೂ ಚಾಟ್ ಪ್ರಿಂಟ್ ಹಾಕಿ (ಅಂಗಡಿ ನಂದ ಐತಲ್ಲ) ಕೆಂಪು ಪೆನ್ ತಗೊಂಡು ಕುಂತೆ. ಬಾಗ್ಲಾ ಬಡಿಯೂದು, ಚಾ, ಮಳಿ ಮಾತು ಎಲ್ಲಾ ಹೊಡದೆ. ಪ್ರತಿ ಪ್ಯಾರಾದ ಕಡೀ ಸಾಲು ಹೊಡದು ಓದಿ ನೋಡಿದೆ, ಹತ್ತರಾಗ ಏಳು ಕಡೆ ಅದು ಇಲ್ದನ ಚಲೋ ಇತ್ತು. ಒಂಬತ್ತು ಪುಟಕ್ಕ ಬಂತು.

ಕಡೀಕ ಗಂಗವ್ವ ಹಗೇವಿನ ಬಾಜೂಕ ಸತ್ತು ಬಿದ್ದಿರ್ತಾಳ ಅಂತ ಮುಗಿಸಿದ್ದೆ. ಆಟದಾಗ ಇಲ್ಲದ್ದು, ನಂದ ಸ್ವಂತದ್ದು, ಅದಕ್ಕ ಹೆಮ್ಮಿ ಬ್ಯಾರೆ. ಗಂಗವ್ವನ್ನ ಕಟ್ಟಿದ್ದು ಅಕ್ಕಾರು, ಕೇಳದ ಎಲ್ಲೂ ಕಳಸೂದು ಸರಿ ಅಲ್ಲ ಅಂತ ಅವ್ರಿಗೆ ಕಳಿಸಿದೆ, ನಿಮ್ಮ ಹೆಸರೂ ಹಾಕ್ತೀನ್ರಿ ಅಂದೆ. ಎರಡು ದಿನ ಸುದ್ದಿ ಇಲ್ಲ. ಮೂರನೇ ದಿನ ಬಂತು: "ಹೆಸರು ಬ್ಯಾಡ್ರಿ ಅಣ್ಣಾರ, ಕತಿ ನಿಮ್ದ ಅದ. ಆದ್ರ ನಮ್ಮವ್ವ ಅಂಥಾ ಮನಿ ಬಿಟ್ಟು ಬಂದಾಕಿ, ಸತ್ತಿಲ್ಲ, ಮುಳುಗಡಿ ಮಂದಿಗೆ ಕೊಟ್ಟ ಸೆಕ್ಟರಿನ ಮನ್ಯಾಗ ದಿನಾ ಮುಂಜಾನೆ ಎದ್ದು ಹಗೇವು ಎಲ್ಲಿ ತೋಡ್ಲಿ ಅಂತ ಕೇಳ್ತಿದ್ಲು. ನೆಲಾ ಎಲ್ಲಾ ಸಿಮೆಂಟು ಅಂತ ನಾವ್ ನಗ್ತಿದ್ವಿ."

ಕಡೀ ಪುಟ ಹರದು ಹಾಕಿದೆ. ಹೊಸಾದು ಇನ್ನೂ ಬರೀಲಿಕ್ಕತ್ತೀನಿ, ಮುದುಕಿ ಕೈಯಾಗ ಸಲಿಕಿ ಐತಿ, ಸಿಮೆಂಟಿನ ಪಡಸಾಲ್ಯಾಗ ನಿಂತಾಳ.